ಏಳು ಗೆರೆ ಬಿಟ್ಟಿದ್ದ ಗೇಮ್ ಬಾಯ್

ಪಾರ್ಸೆಲ್ ಬಿಚ್ಚಿ, ಸ್ವಿಚ್ ಹಾಕುವ ಮೊದಲೇ ಹಿಂದಿನ ಬ್ಯಾಟರಿ ಮುಚ್ಚಳ ತೆಗೆದು ನೋಡಿದೆ. ಒಂದು ಮೂಲೆಯ ಸ್ಪ್ರಿಂಗ್ ಮೇಲೆ ಉಪ್ಪು ಕಟ್ಟಿದ ಹಾಗೆ ಬಿಳಿ ಪುಡಿ, ಅದರ ಅಂಚಿನಲ್ಲಿ ಸ್ವಲ್ಪ ಹಸಿರು. ಯಾರೋ ಆಟ ಆಡಿ, ಬ್ಯಾಟರಿ ತೆಗೆಯದೆ ಪೆಟ್ಟಿಗೆಗೆ ಹಾಕಿಟ್ಟಿದ್ದಾರೆ. ಅದು ಒಳಗೇ ಸೋರಿದೆ. ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಈ ಹಳೆಯ ಗೇಮ್ ಬಾಯ್ ತೆಗೆದುಕೊಳ್ಳುವವರಿಗೆ ಇದು ತೀರಾ ಮಾಮೂಲು. ಆದರೆ ಮಾರಿದವರು ಕಳಿಸಿದ ಫೋಟೋಗಳಲ್ಲಿ ಈ ಮೂಲೆ ಒಂದರಲ್ಲೂ ಇರಲಿಲ್ಲ.

ಇದು 1989ರಲ್ಲಿ ಬಂದ ಮೊದಲ ಗೇಮ್ ಬಾಯ್. ಬೂದು ಬಣ್ಣ, ಇಟ್ಟಿಗೆಯಂಥ ಆಕಾರ, ಬೆನ್ನಿನ ಮೇಲೆ ಡಿಎಂಜಿ-01 ಎಂಬ ನಂಬರ್. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಇಂಥದ್ದು ಒಂದೇ ಇತ್ತು, ಅದು ಅಣ್ಣನದು. ಅವನು ಊಟಕ್ಕೆ ಕೂತಾಗ ಮಾತ್ರ ನನ್ನ ಸರದಿ. ಅವನು ಬೇಗ ಬೇಗ ಊಟ ಮಾಡುತ್ತಿದ್ದ. ಮನೆ ಬದಲಾಯಿಸುವಾಗ ಅದು ಎಲ್ಲೋ ಕಳೆದುಹೋಯಿತು. ಈಗ ನನ್ನದೇ ಒಂದು ಬೇಕು ಅನಿಸಿತು. ನಾನು ಕನ್ನಡಕಗಳಿಗೆ ಲೆನ್ಸ್ ಕೂರಿಸುವ ಕೆಲಸ ಮಾಡುತ್ತೇನೆ. ಸಣ್ಣ ಸ್ಕ್ರೂಗಳ ಜೊತೆ ದಿನವಿಡೀ ಒಡನಾಟ ಇರುವುದರಿಂದ, ಕೆಟ್ಟಿದ್ದರೂ ಸರಿಮಾಡಬಹುದು ಎಂಬ ಧೈರ್ಯ ಇತ್ತು.

ಮಾರಾಟದ ವಿವರದಲ್ಲಿ "ಚಾಲೂ ಇದೆ" ಎಂದಷ್ಟೇ ಬರೆದಿದ್ದರು. ಸ್ಕ್ರೀನ್ ಹೇಗಿದೆ ಎಂದು ಕೇಳಿದ್ದಕ್ಕೆ "ಕೆಂಪು ಲೈಟ್ ಹತ್ತುತ್ತದೆ" ಎಂಬ ಉತ್ತರ ಬಂತು. ಲೈಟ್ ಹತ್ತಿದರೆ ಕರೆಂಟ್ ಬರುತ್ತಿದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಸ್ಕ್ರೀನ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಇದನ್ನು ನಾನು ಆಗಲೇ ಯೋಚಿಸಬೇಕಿತ್ತು. ನೀವು ತೆಗೆದುಕೊಳ್ಳುವುದಾದರೆ ಒಂದು ಮಾತು ಕೇಳಿ. ಆನ್ ಮಾಡಿ, ಎಡಗಡೆ ಇರುವ ಕಾಂಟ್ರಾಸ್ಟ್ ಚಕ್ರವನ್ನು ಪೂರ್ತಿ ತಿರುಗಿಸಿ, ಆಮೇಲೆ ಫೋಟೋ ತೆಗೆದು ಕಳಿಸಲು ಹೇಳಿ. ಹಾಗೆ ಮಾಡಿದರೆ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತದೆ. ಎಲ್ಲಿ ಗೆರೆ ಸತ್ತಿದೆಯೋ ಅಲ್ಲಿ ಮಾತ್ರ ತಿಳಿ ಬಣ್ಣ ಉಳಿಯುತ್ತದೆ. ಮುಚ್ಚಿಡಲು ಆಗುವುದಿಲ್ಲ. ನನ್ನದಕ್ಕೆ ಹಾಗೆ ಮಾಡಿ ನೋಡಿದಾಗ ಏಳು ಉದ್ದ ಗೆರೆಗಳು ಕಾಣಿಸಿದವು. ಎಡಗಡೆ ಒಟ್ಟಿಗೆ ಐದು, ಬಲಗಡೆ ಎರಡು.

ಮೊದಲು ಬ್ಯಾಟರಿ ಜಾಗ. ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಕ್ಷಾರ. ಅದಕ್ಕೆ ಹುಳಿ ಬೇಕು. ಹತ್ತಿ ಕಡ್ಡಿಯನ್ನು ವಿನಿಗರ್‌ನಲ್ಲಿ ಅದ್ದಿ ಪುಡಿಯ ಮೇಲೆ ಒತ್ತಿದರೆ ಸಣ್ಣಗೆ ನೊರೆ ಬರುತ್ತದೆ. ನೊರೆ ನಿಂತ ಮೇಲೆ ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಇನ್ನೊಮ್ಮೆ ಒರೆಸಬೇಕು. ವಿನಿಗರ್ ಬೋರ್ಡ್ ಕಡೆ ಹರಿಯದ ಹಾಗೆ ನೋಡಿಕೊಳ್ಳಬೇಕು. ಲೋಹಕ್ಕೆ ಹೊಳಪು ಪೂರ್ತಿ ವಾಪಸ್ ಬರಲಿಲ್ಲ. ಆದರೆ ಗಟ್ಟಿಯಾಗಿದೆ, ಕರೆಂಟ್ ಸರಿಯಾಗಿ ಹರಿಯುತ್ತದೆ. ಬದಲಾಯಿಸುವ ಅಗತ್ಯ ಬೀಳಲಿಲ್ಲ.

ಬಿಚ್ಚುವುದಕ್ಕೆ ಮೂರು ರೆಕ್ಕೆಯ ತಲೆ ಇರುವ ಸ್ಕ್ರೂಡ್ರೈವರ್ ಬೇಕು. ಟ್ರೈ-ವಿಂಗ್ ಎನ್ನುತ್ತಾರೆ. ಮಾಮೂಲಿ ಪ್ಲಸ್ ಡ್ರೈವರ್ ತುರುಕಿದರೆ ಸ್ಕ್ರೂ ತಲೆ ಸವೆದು ಹೋಗುತ್ತದೆ, ಆಮೇಲೆ ಪಡಬಾರದ ಪಾಡು. ಒಳಗೆ ಎರಡು ಬೋರ್ಡ್ ಇವೆ. ಹಿಂದಿನದರಲ್ಲಿ ಪ್ರೊಸೆಸರ್, ಕಾರ್ಟ್ರಿಜ್ (ಆಟ ಇರುವ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ) ಕೂರುವ ಜಾಗ. ಮುಂದಿನದರಲ್ಲಿ ಸ್ಕ್ರೀನ್, ಬಟನ್, ಸ್ಪೀಕರ್. ಎರಡನ್ನೂ ಒಂದು ಚಪ್ಪಟೆ ಕೇಬಲ್ ಜೋಡಿಸುತ್ತದೆ. ಹಿಂದಿನ ಭಾಗವನ್ನು ರಭಸದಿಂದ ಎಳೆದರೆ ಆ ಕೇಬಲ್‌ಗೆ ಪೆಟ್ಟು. ಪುಸ್ತಕ ತೆರೆದ ಹಾಗೆ ನಿಧಾನವಾಗಿ ತೆರೆಯಿರಿ.

ತೆರೆದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಎಲ್ಲವೂ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿದೆ. ಅಂಟು ಹಾಕಿ ಮುಚ್ಚಿದ್ದು ಹೆಚ್ಚೂಕಮ್ಮಿ ಏನೂ ಇಲ್ಲ. ಸ್ಕ್ರೂ ತೆಗೆದರೆ ಭಾಗ ಕೈಗೆ ಬರುತ್ತದೆ, ಹಾಕಿದರೆ ಕೂರುತ್ತದೆ. ಗುನ್‌ಪೇ ಯೊಕೊಯ್ ಎಂಬ ನಿಂಟೆಂಡೊ ಎಂಜಿನಿಯರ್ ಮತ್ತು ಅವರ ತಂಡ ಇದನ್ನು ಮಾಡುವಾಗ, ಆಗಲೇ ಬಳಸಿ ಪಳಗಿದ, ಅಗ್ಗದ ಭಾಗಗಳನ್ನೇ ಬೇಕೆಂದು ಆರಿಸಿಕೊಂಡಿದ್ದರು. ಅದೇ ವರ್ಷ ಬಂದ, ಇಂಥದ್ದೇ ಇನ್ನೊಂದು ಯಂತ್ರವಾದ ಅಟಾರಿ ಲಿಂಕ್ಸ್‌ಗೆ ಬಣ್ಣದ ಸ್ಕ್ರೀನ್ ಇತ್ತು, ಹಿಂಬದಿ ಬೆಳಕೂ ಇತ್ತು. ಆರು ಬ್ಯಾಟರಿಗಳನ್ನು ಅದು ಕೆಲವೇ ಗಂಟೆಗಳಲ್ಲಿ ಕುಡಿದು ಮುಗಿಸುತ್ತಿತ್ತು. ಇದಕ್ಕೆ ನಾಲ್ಕು ಸಾಕು, ಎಷ್ಟೋ ಹೆಚ್ಚು ಹೊತ್ತು ಬರುತ್ತವೆ. ಇಷ್ಟು ವರ್ಷ ಕಳೆದ ಮೇಲೂ ನನ್ನಂಥವಳು ಮೇಜಿನ ಮೇಲೆ ಹರಡಿಕೊಂಡು ಸರಿಮಾಡಲು ಆಗುವುದು ಆ ಸರಳ ಕಟ್ಟಣೆಯಿಂದಲೇ.

ಈಗ ಗೆರೆಗಳ ವಿಷಯ. ಸ್ಕ್ರೀನ್‌ನಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿ. ಕೆಳಗಡೆ ಅಂಚಿನಲ್ಲಿ ಒಂದು ತೆಳು ಪ್ಲಾಸ್ಟಿಕ್ ಪಟ್ಟಿ ಗಾಜಿನಿಂದ ಬೋರ್ಡಿಗೆ ಹೋಗುತ್ತದೆ. ಅದರ ಮೇಲೆ ಕೂದಲೆಳೆಯಂಥ ತಂತಿಗಳು, ಒಂದೊಂದು ಕಂಬಸಾಲಿಗೆ ಒಂದೊಂದು. ಆ ಪಟ್ಟಿಯನ್ನು ಗಾಜಿಗೆ ಬಿಸಿಯಿಂದ ಒತ್ತಿ ಅಂಟಿಸಿರುತ್ತಾರೆ. ವರ್ಷಗಳು ಕಳೆದಂತೆ ಅಂಟು ಅಲ್ಲಲ್ಲಿ ಬಿಡುತ್ತದೆ. ಬಿಟ್ಟ ಕಡೆ ಆ ಸಾಲು ಪೂರ್ತಿ ಮಾಯ. ಚುಕ್ಕಿಗಳು ಸತ್ತಿಲ್ಲ, ಅವುಗಳಿಗೆ ಸುದ್ದಿ ತಲುಪುತ್ತಿಲ್ಲ. ಹಾಗಾಗಿ ಆ ಜಾಗವನ್ನು ಮತ್ತೆ ಸ್ವಲ್ಪ ಬಿಸಿ ಮಾಡಿ ಒತ್ತಿದರೆ ಗೆರೆ ವಾಪಸ್ ಬರಬಹುದು.

ಸೋಲ್ಡರಿಂಗ್ ಐರನ್ ಅನ್ನು ತೀರಾ ಕಡಿಮೆ ಬಿಸಿಗೆ ಇಟ್ಟೆ. ಸೀಸ ಕರಗುವಷ್ಟು ಬಿಸಿ ಬೇಡವೇ ಬೇಡ, ಪಟ್ಟಿ ಸುಟ್ಟು ಹೋದರೆ ಅಲ್ಲಿಗೆ ಮುಗಿಯಿತು. ಪಟ್ಟಿಯ ಮೇಲೆ ಅಂಟಿಸಿದ್ದ ರಬ್ಬರ್ ತುಂಡನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿ ತೆಗೆದೆ. ಗೇಮ್ ಬಾಯ್ ಆನ್ ಇರುವಾಗಲೇ ಈ ಕೆಲಸ ಮಾಡಬೇಕು. ಹಾಗಾದರೆ ಯಾವ ಗೆರೆ ಬಂತು, ಯಾವುದು ಹೋಯಿತು ಎಂದು ಅಲ್ಲೇ ಕಾಣುತ್ತದೆ. ಕಾಂಟ್ರಾಸ್ಟ್ ಪೂರ್ತಿ ಏರಿಸಿ, ಸ್ಕ್ರೀನ್ ಕಪ್ಪು ಮಾಡಿಕೊಂಡು, ಐರನ್ ತುದಿಯ ಬದಿಯನ್ನು ಪಟ್ಟಿಯ ಮೇಲೆ ಇಟ್ಟು ಎಡದಿಂದ ಬಲಕ್ಕೆ ಎಳೆದೆ. ಇಸ್ತ್ರಿ ಪೆಟ್ಟಿಗೆ ಎಳೆದ ಹಾಗೆ, ಭಾರ ಹಾಕದೆ. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲ ಬಲಗಡೆಯ ಒಂದು ಗೆರೆ ಮಿಣುಕಿ ಹೋಯಿತು. ಮೂರನೇ ಸಲ ಎಡಗಡೆ ಐದರಲ್ಲಿ ಮೂರು ಒಂದರ ಹಿಂದೆ ಒಂದು ಕಪ್ಪಾದವು, ಆದರೆ ನಡುವೆ ಚೆನ್ನಾಗಿದ್ದ ಒಂದು ಗೆರೆ ಇದ್ದಕ್ಕಿದ್ದಂತೆ ಬಿಳಿಯಾಯಿತು. ಎದೆ ಝಲ್ಲೆಂದಿತು. ಐರನ್ ಎತ್ತಿಟ್ಟು, ಎರಡು ನಿಮಿಷ ಸುಮ್ನೆ ಕೂತೆ. ಪಟ್ಟಿ ತಣ್ಣಗಾಗಲು ಬಿಡಬೇಕು, ಇಲ್ಲದಿದ್ದರೆ ಮೆತ್ತಗಾದ ಅಂಟು ಇನ್ನಷ್ಟು ಸರಿಯುತ್ತದೆ. ತಣ್ಣಗಾದ ಮೇಲೆ ಆ ಜಾಗದಲ್ಲಿ ಮಾತ್ರ ಐರನ್ ಇಟ್ಟು ಉಸಿರು ಬಿಗಿಹಿಡಿದು ಮೂರು ಎಣಿಸಿದೆ. ಗೆರೆ ಬಂತು, ಪಕ್ಕದ ಎರಡನ್ನೂ ಕರೆದುಕೊಂಡು ಬಂತು. ಎಡಗಡೆ ಪೂರ್ತಿ ತುಂಬಿತು. ಬಲಗಡೆ ಕೊನೆಯ ಎರಡಕ್ಕೆ ಇನ್ನೂ ಅರ್ಧ ಗಂಟೆ ಹಿಡಿಯಿತು.

ಆಮೇಲೆ ಕಾರ್ಟ್ರಿಜ್ ತೊಂದರೆ. ಆನ್ ಮಾಡಿದರೆ ಮೇಲಿನಿಂದ ನಿಂಟೆಂಡೊ ಹೆಸರು ಇಳಿದು ಬರಬೇಕು, ನಡುವೆ ನಿಂತು "ಟಿಂಗ್" ಎನ್ನಬೇಕು. ನನ್ನದರಲ್ಲಿ ಹೆಸರಿನ ಜಾಗದಲ್ಲಿ ಒಂದು ಕಪ್ಪು ಪಟ್ಟಿ ಇಳಿದು ಬಂದು ಅಲ್ಲೇ ನಿಲ್ಲುತ್ತಿತ್ತು. ಇದಕ್ಕೆ ಕಾರಣ ಸ್ವಾರಸ್ಯವಾಗಿದೆ. ಇಳಿದು ಬರುವ ಆ ಹೆಸರಿನ ಚಿತ್ರ ಓದಿಕೊಳ್ಳುವುದು ಕಾರ್ಟ್ರಿಜ್‌ನಿಂದ. ಅದೇ ಚಿತ್ರದ ಇನ್ನೊಂದು ಪ್ರತಿ ಗೇಮ್ ಬಾಯ್ ಒಳಗೂ ಇದೆ. ಎರಡೂ ಹೋಲದಿದ್ದರೆ ಆಟ ಶುರುವಾಗುವುದಿಲ್ಲ. ಪಿನ್‌ಗಳ ಮೇಲೆ ಕೊಳೆ ಕೂತಿದ್ದರೆ ಓದಿದ್ದೆಲ್ಲ ಗೋಜಲು, ಆಗ ಕಪ್ಪು ಪಟ್ಟಿ. ಅಂದರೆ ಯಂತ್ರ ಕೆಟ್ಟಿಲ್ಲ, ಅದಕ್ಕೆ ಸರಿಯಾಗಿ ಓದಲು ಆಗುತ್ತಿಲ್ಲ. ಕಾರ್ಟ್ರಿಜ್‌ನ ಪಿನ್‌ಗಳನ್ನು ಆಲ್ಕೋಹಾಲ್ ಹಾಕಿ ಉಜ್ಜಿದಾಗ ಹತ್ತಿ ಕಡ್ಡಿ ಕಪ್ಪಾಗಿ ಬಂತು. ನಾಲ್ಕು ಕಡ್ಡಿ ಕಪ್ಪಾದ ಮೇಲೆ "ಟಿಂಗ್" ಕೇಳಿಸಿತು. ಚಿಕ್ಕಂದಿನಲ್ಲಿ ನಾವೆಲ್ಲ ಬಾಯಿಂದ ಊದುತ್ತಿದ್ದೆವು, ಅಲ್ವಾ? ದಯವಿಟ್ಟು ಬೇಡ. ಬಾಯಿಯ ತೇವ ಪಿನ್‌ಗಳಿಗೆ ಕಿಲುಬು ತರುತ್ತದೆ.

ಸ್ಪೀಕರ್ ಮೊದಲು ಗೊರಗೊರ ಎನ್ನುತ್ತಿತ್ತು. ವಾಲ್ಯೂಮ್ ಚಕ್ರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಹತ್ತಾರು ಸಲ ತಿರುಗಿಸಿದೆ, ಸರಿಹೋಯಿತು. ಆನ್-ಆಫ್ ಸ್ವಿಚ್‌ಗೂ ಅದೇ ಮದ್ದು. ಬಟನ್‌ಗಳ ಕೆಳಗಿನ ರಬ್ಬರ್ ಒರೆಸಿ ಹಾಕಿದೆ. ಗೀರು ಬಿದ್ದಿದ್ದ ಮುಂದಿನ ಪಾರದರ್ಶಕ ಮುಚ್ಚಳ ಮಾತ್ರ ಹೊಸದು ತರಿಸಿದೆ, ಈ ಇಡೀ ಕೆಲಸದಲ್ಲಿ ಬದಲಾಯಿಸಿದ ಭಾಗ ಅದೊಂದೇ. ಹೊರಗಿನ ಪ್ಲಾಸ್ಟಿಕ್ ಒಂದು ಬದಿ ಹಳದಿಯಾಗಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಟ್ಟರೆ ಬಿಳುಪಾಗುತ್ತದೆ. ಆದರೆ ಸಮವಾಗಿ ಹಚ್ಚದಿದ್ದರೆ ಪಟ್ಟೆ ಪಟ್ಟೆಯಾಗಿ ಬಿಡುತ್ತದೆ. ನಾನು ಹಾಗೇ ಬಿಟ್ಟೆ.

ಕೆಲಸ ಮುಗಿಯುವ ಮೊದಲೇ ಅಣ್ಣನಿಗೆ ಫೋಟೋ ಕಳಿಸಿದ್ದೆ. "ಆ ಹಳೇ ಸ್ಕ್ರೀನ್ ಯಾಕೆ ಇಟ್ಕೊಂಡಿದ್ದೀಯೇ, ಹೊಸ ಐಪಿಎಸ್ ಹಾಕಿಸೇ" ಎಂದ. ಅವನ ಮಾತಲ್ಲೂ ಅರ್ಥ ಇದೆ. ಐಪಿಎಸ್ ಅಂದರೆ ಹಿಂಬದಿ ಬೆಳಕಿರುವ ಈಗಿನ ಬಗೆಯ ಸ್ಕ್ರೀನ್. ಅದರ ಕಿಟ್ ಹಾಕಿದರೆ ಕತ್ತಲಲ್ಲೂ ಆಡಬಹುದು, ಚಿತ್ರ ಅಚ್ಚುಕಟ್ಟಾಗಿ ಕಾಣುತ್ತದೆ. ಕಣ್ಣಿಗೆ ಆಯಾಸ ಆಗುವವರಿಗೆ, ರಾತ್ರಿ ಮಾತ್ರ ಪುರುಸೊತ್ತು ಸಿಗುವವರಿಗೆ ಅದೇ ಒಳ್ಳೆಯದು ಎಂದು ನಾನೇ ಹೇಳುತ್ತೇನೆ. ಆದರೆ ಕೆಲವು ಕಿಟ್ ಕೂರಿಸಲು ಒಳಗಿನ ಪ್ಲಾಸ್ಟಿಕ್ ಕತ್ತರಿಸಬೇಕು. ಕತ್ತರಿಸಿದ್ದು ವಾಪಸ್ ಬರುವುದಿಲ್ಲ.

ನನಗೆ ಹಳೆಯದೇ ಬೇಕಿತ್ತು. ಈ ಸ್ಕ್ರೀನ್‌ಗೆ ತನ್ನದೇ ಬೆಳಕಿಲ್ಲ. ಮೇಲಿಂದ ಬಿದ್ದ ಬೆಳಕು ಹಿಂದಿನ ಹಾಳೆಗೆ ತಾಗಿ ತಿರುಗಿ ಬಂದರೇನೇ ಚಿತ್ರ. ಫೋನ್ ಬಿಸಿಲಿನಲ್ಲಿ ಮಂಕಾಗುತ್ತದೆ. ಇದು ಬೆಳಕು ಜಾಸ್ತಿಯಾದಷ್ಟೂ ಚೆನ್ನಾಗಿ ಕಾಣುತ್ತದೆ. ಕಿಟಕಿ ಪಕ್ಕ ಕೂತು ಸ್ವಲ್ಪ ವಾಲಿಸಿ ಹಿಡಿದರೆ ಚುಕ್ಕಿಗಳ ಹಿಂದೆ ಅವುಗಳದ್ದೇ ಸಣ್ಣ ನೆರಳು ಕಾಣುತ್ತದೆ, ಚಿತ್ರ ಗಾಜಿನ ಮೇಲೆ ತೇಲುತ್ತಿರುವ ಹಾಗೆ. ದಿನವೂ ಲೆನ್ಸ್ ಹಿಡಿದು ಬೆಳಕು ನೋಡುವ ನನಗೆ ಅದನ್ನು ಎಷ್ಟು ನೋಡಿದರೂ ಸಾಲದು. ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ಬಣ್ಣ ಇರುವುದು ನಾಲ್ಕೇ. ಓಡುವ ವಸ್ತುವಿನ ಹಿಂದೆ ಮಸುಕು ಬಾಲ ಉಳಿಯುತ್ತದೆ, ಅದು ನಿಜವಾದ ಕೊರತೆ. ವೇಗದ ಆಟಗಳಲ್ಲಿ ಕಷ್ಟವಾಗುತ್ತದೆ. ಆದರೆ ಸೂಪರ್ ಮಾರಿಯೋ ಲ್ಯಾಂಡ್ ಹಾಕಿ ನೋಡಿ. ಮಾರಿಯೋ ಪುಟ್ಟದಾಗಿದ್ದಾನೆ, ಹಿಂದಿನ ಆಕಾಶ ಬಹುಪಾಲು ಖಾಲಿ. ದೊಡ್ಡ ಹೊಳೆಯುವ ಸ್ಕ್ರೀನ್‌ನಲ್ಲಿ ಅದು ಬಡವಾಗಿ ಕಾಣುತ್ತದೆ. ಇಲ್ಲಿ ಕಿಟಕಿಯ ಬೆಳಕಲ್ಲಿ ಒಂದೊಂದು ಗೆರೆಯೂ ಬೇಕಾದ ಜಾಗದಲ್ಲೇ ಇದೆ ಅನಿಸುತ್ತದೆ.

ಇನ್ನೊಂದು ಸಣ್ಣ ವಿಷಯ ಹೇಳಲೇಬೇಕು. ಕಾರ್ಟ್ರಿಜ್‌ನ ಮೇಲಿನ ಒಂದು ಮೂಲೆಯಲ್ಲಿ ಕಚ್ಚು ಇದೆ. ಸ್ವಿಚ್ ಆನ್ ಮಾಡಿದಾಗ ಒಂದು ಪ್ಲಾಸ್ಟಿಕ್ ನಾಲಗೆ ಸರಿದು ಬಂದು ಆ ಕಚ್ಚಿನಲ್ಲಿ ಕೂರುತ್ತದೆ. ಆಮೇಲೆ ಆಫ್ ಮಾಡುವ ತನಕ ಕಾರ್ಟ್ರಿಜ್ ಎಳೆದರೂ ಬರುವುದಿಲ್ಲ. ಆಟ ನಡೆಯುವಾಗ ಮಕ್ಕಳು ಕಿತ್ತುಬಿಡುತ್ತಾರೆ ಎಂದು ಯೋಚಿಸಿ ಮಾಡಿದ್ದಾರೆ. ಬರೀ ಪ್ಲಾಸ್ಟಿಕ್, ಚಿಪ್ ಏನೂ ಬೇಕಿಲ್ಲ. ಹಾಗಾಗಿ ಆಮೇಲೆ ಬಂದ ಗೇಮ್ ಬಾಯ್ ಕಲರ್ ಮಾದರಿಯ, ಕಚ್ಚು ಇಲ್ಲದ ಆಟಗಳನ್ನು ಇದರಲ್ಲಿ ಹಾಕಿದರೆ ಸ್ವಿಚ್ ಆನ್ ಆಗುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್ ಕೊಳ್ಳುವಾಗ ಆ ಮೂಲೆ ನೋಡಿಕೊಳ್ಳಿ.

ಎರಡು ತಿಂಗಳಾಯಿತು. ಬಲಗಡೆಯ ಕೊನೆಯ ಗೆರೆ ಆಗೊಮ್ಮೆ ಈಗೊಮ್ಮೆ ಕೈ ಕೊಡುತ್ತದೆ. ಸ್ಕ್ರೀನ್ ಕೆಳಗೆ ಹೆಬ್ಬೆರಳಿನಿಂದ ಒತ್ತಿದರೆ ಬರುತ್ತದೆ. ಪಟ್ಟಿಯ ಮೇಲೆ ವಾಪಸ್ ಕೂರಿಸಿದ್ದ ಆ ರಬ್ಬರ್ ತುಂಡಿನ ಅಂಟು ಒಣಗಿದೆ, ಪಟ್ಟಿಯನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಿಲ್ಲ. ಹೊಸ ರಬ್ಬರ್ ಕತ್ತರಿಸಿ ಹಾಕಲು ಇನ್ನೊಮ್ಮೆ ಬಿಚ್ಚಬೇಕು. ಬಿಚ್ಚುವುದಕ್ಕೆ ಬೇಸರವಿಲ್ಲ. ಕೆಲಸ ಬರದವರು ಇಂಥದ್ದನ್ನು ಸರಿಮಾಡಿಸಿದ ಸ್ಥಿತಿಯಲ್ಲೇ ತೆಗೆದುಕೊಳ್ಳಿ, ಆದರೆ ಒಳಗಿನ ಫೋಟೋ ಕೇಳಿ. ಹೊಸ ಹೊರಕವಚ ತೊಡಿಸಿ, ಒಳಗೆ ಕಿಲುಬು ಹಾಗೇ ಬಿಟ್ಟು ಮಾರುವವರೂ ಇದ್ದಾರೆ.

ಟೆಟ್ರಿಸ್ ಕಾರ್ಟ್ರಿಜ್‌ಗೆ ಸ್ಕೋರ್ ಉಳಿಸಿಕೊಳ್ಳುವ ಬ್ಯಾಟರಿ ಇಲ್ಲ. ಆಫ್ ಮಾಡಿದರೆ ಎಲ್ಲ ಅಳಿಸಿ ಹೋಗುತ್ತದೆ. ಅದಕ್ಕೆ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟಿದ್ದೇನೆ. ಹೋದ ವಾರ ಅಣ್ಣ ಬಂದಿದ್ದ. ಕಿಟಕಿ ಹತ್ತಿರ ಕೂರಿಸಿ ಕೈಗೆ ಕೊಟ್ಟೆ. ಆನ್ ಮಾಡಿದ, ಕಣ್ಣು ಸ್ಕ್ರೀನ್ ಮೇಲೇ ಇತ್ತು, ಎಡಗೈ ಹೆಬ್ಬೆರಳು ತಾನಾಗಿ ಹೋಗಿ ಕಾಂಟ್ರಾಸ್ಟ್ ಚಕ್ರ ತಿರುಗಿಸಿತು. ಐಪಿಎಸ್ ಮಾತು ಮತ್ತೆ ಎತ್ತಲಿಲ್ಲ. ಸಂಜೆ ಬೆಳಕು ಇಳಿಯುವ ತನಕ ಆಡಿದ. ಎದ್ದಾಗ ನೋಟ್‌ಬುಕ್‌ನಲ್ಲಿ ಅವನದ್ದು ಆರು ಸ್ಕೋರ್, ನನ್ನದು ಎರಡು.

ನಿನ್ನೆ ರಾತ್ರಿ ಅವನಿಂದ ಒಂದು ಫೋಟೋ ಬಂತು. ಯಾರೋ ಮಾರಾಟಕ್ಕಿಟ್ಟ ಬೂದು ಗೇಮ್ ಬಾಯ್, ಜೊತೆಗೆ ಎರಡು ಗೇಮ್ ಬಾಯ್ ಜೋಡಿಸುವ, ದಪ್ಪ ತುದಿಯ ಹಳೆಯ ಲಿಂಕ್ ಕೇಬಲ್. "ಇದು ಹೇಗಿದೆ ನೋಡೇ, ಇಬ್ಬರೂ ಜೊತೆಗೆ ಆಡಬಹುದು" ಎಂದು ಬರೆದಿದ್ದ. ಫೋಟೋದಲ್ಲಿ ಸ್ಕ್ರೀನ್ ಆಫ್ ಇತ್ತು. "ಅಣ್ಣ, ಈಗಲೇ ದುಡ್ಡು ಕಳಿಸಬೇಡ. ಮೊದಲು ಕಾಂಟ್ರಾಸ್ಟ್ ಪೂರ್ತಿ ತಿರುಗಿಸಿ ಒಂದು ಫೋಟೋ ಕೇಳು, ಬ್ಯಾಟರಿ ಮುಚ್ಚಳ ತೆಗೆದು ಇನ್ನೊಂದು" ಎಂದು ಉತ್ತರ ಕಳಿಸಿದೆ.