ಸಿಯೋಲ್‌ಗೆ ಹೋಗುವ ಸಸ್ಯಾಹಾರಿಗಳೇ, ಗೆಳೆಯರ ಜೊತೆ ಬಾರ್ಬೆಕ್ಯೂ ಟೇಬಲ್‌ಗೆ ಕೂರುವ ಮುಂಚೆ ಇದನ್ನು ಓದಿ

'ನೀನು ಮಾಂಸ ತಿನ್ನು, ನಾನು ಅನ್ನ, ಕಿಮ್ಚಿ (ಹುಳಿ ಬರಿಸಿದ ಖಾರದ ಕೋಸು), ತರಕಾರಿ ತಿಂದ್ಕೋತೀನಿ' ಎಂದು ಮಾತಾಡಿಕೊಂಡು ಸಿಯೋಲ್‌ನ ಬಾರ್ಬೆಕ್ಯೂ ಹೋಟೆಲಿಗೆ ಹೊರಡುವ ಗೆಳೆಯರು ಬಹಳ. ದಯವಿಟ್ಟು ಹಾಗೆ ಹೋಗಬೇಡಿ. ದುಡ್ಡೂ ದಂಡ, ಸಸ್ಯಾಹಾರಿಯ ನೇಮವೂ ಕೆಡುತ್ತದೆ.

ಮೊದಲು ದುಡ್ಡು. ಮೆನುವಿನಲ್ಲಿರುವ ದರ ಒಂದು 'ಇನ್‌ಬುನ್', ಅಂದರೆ ಒಬ್ಬರ ಪಾಲಿನದು. ಸಾಮಾನ್ಯವಾಗಿ 150ರಿಂದ 200 ಗ್ರಾಂ ಹಸಿ ಮಾಂಸ. ಆದರೆ ಬಹಳ ಕಡೆ ಮೊದಲ ಆರ್ಡರ್ ಎರಡು ಇನ್‌ಬುನ್‌ಗಿಂತ ಕಡಿಮೆ ತೆಗೆದುಕೊಳ್ಳುವುದಿಲ್ಲ, ತಿನ್ನುವವರು ಒಬ್ಬರೇ ಆದರೂ ಅಷ್ಟೇ. ಹಂದಿಯ ಹೊಟ್ಟೆಭಾಗದ ಮಾಂಸ, ಸಂಗ್ಯೊಪ್ಸಲ್, 2024ರ ಮೇ ತಿಂಗಳಲ್ಲಿ ಸಿಯೋಲ್‌ನಲ್ಲಿ 200 ಗ್ರಾಂಗೆ ಸರಾಸರಿ 20 ಸಾವಿರ ವನ್ (ಕೊರಿಯಾದ ಹಣ) ದಾಟಿತ್ತು. ಅಲ್ಲಿಗೆ ಎರಡು ಪಾಲಿಗೆ 40 ಸಾವಿರ, ನಮ್ಮ ಲೆಕ್ಕದಲ್ಲಿ ಆಗ ಸುಮಾರು 2,400 ರೂಪಾಯಿ. ಅನ್ನಕ್ಕೆ ಬೇರೆ ದುಡ್ಡು. ಬಿಲ್ ಸಮಪಾಲು ಮಾಡಿದರೆ ಸಸ್ಯಾಹಾರಿ ಮುಟ್ಟದ ಮಾಂಸಕ್ಕೆ ಅರ್ಧ ಕೊಟ್ಟಂತಾಯಿತು. ಡಕ್‌ಗಾಲ್ಬಿ (ಖಾರದ ಕೋಳಿ ಹುರುಕಲು), ಬುದೆ ಜಿಗೆಯಂಥ (ಸಾಸೇಜ್ ಹಾಕಿದ ಸಾರು) ದೊಡ್ಡ ಪಾತ್ರೆಯ ಅಡುಗೆಗೂ ಸಾಮಾನ್ಯವಾಗಿ ಇದೇ ನಿಯಮ.

ಇನ್ನು ಊಟ. ಪುಕ್ಕಟೆ ಬರುವ ಬಾನ್‌ಚಾನ್, ಅಂದರೆ ನಂಜಿಕೊಳ್ಳುವ ಪದಾರ್ಥಗಳ ಬಟ್ಟಲುಗಳನ್ನು ನೋಡಿ ಸಮಾಧಾನಪಡಬೇಡಿ. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪಿನಲ್ಲಿ ಕೊಳೆಸಿದ ಸೀಗಡಿ ಅಥವಾ ಮೀನಿನ ರಸ ಬಿದ್ದಿರುತ್ತದೆ. ಕುದಿಯುತ್ತಾ ಬರುವ ಸೋಯಾ ಹಿಟ್ಟಿನ ಸಾರು ದ್ವೆಂಜಾಂಗ್ ಜಿಗೆಯಲ್ಲಿ ಕಣ್ಣಿಗೆ ಕಾಣುವುದು ತೋಫು, ಆಲೂಗಡ್ಡೆ, ಎಳೆ ಕುಂಬಳ. ಅದರ ನೀರು ಮಾತ್ರ ಸಾಮಾನ್ಯವಾಗಿ ಆಂಚೊವಿ ಎಂಬ ಸಣ್ಣ ಒಣ ಮೀನು ಕುದಿಸಿ ಸೋಸಿದ್ದು. ಮೀನನ್ನು ಮೊದಲೇ ತೆಗೆದಿರುವುದರಿಂದ ಚಮಚದಲ್ಲಿ ಹುಡುಕಿದರೂ ಸಿಗದು. ಮೊಟ್ಟೆ ತಿನ್ನುವವರು ನೆಚ್ಚುವ ಹಬೆಮೊಟ್ಟೆ, ಗ್ಯೆರಾನ್ ಜಿಮ್‌ಗೂ ಎಷ್ಟೋ ಕಡೆ ಉಪ್ಪಿನಲ್ಲಿ ಕೊಳೆಸಿದ ಸೀಗಡಿಯದೇ ರುಚಿ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ನಿಮ್ಮ ಮೇಜಿನ ಮೇಲೆಯೇ ಮಾಂಸ ಸುಡುವ ಕಾವಲಿ. ಎಷ್ಟೋ ಕಡೆ ಸಂಗ್ಯೊಪ್ಸಲ್ ಕಾವಲಿಯನ್ನು ಒಂದು ಕಡೆ ವಾಲಿಸಿ ಇಟ್ಟಿರುತ್ತಾರೆ, ಕೊಬ್ಬು ಇಳಿದು ಬಟ್ಟಲಿಗೆ ಬೀಳಲಿ ಎಂದು. ಕಿಮ್ಚಿ, ಮೊಳಕೆಕಾಳು, ಬೆಳ್ಳುಳ್ಳಿ, ಅಣಬೆಯನ್ನು ಬೇಕೆಂದೇ ಆ ಇಳಿಜಾರಿನ ಕೆಳತುದಿಗೆ ಹಾಕುತ್ತಾರೆ. ಮೇಲಿಂದ ಹರಿದ ಹಂದಿ ಕೊಬ್ಬಿನಲ್ಲೇ ಅವು ಹುರಿಯುತ್ತವೆ, ರುಚಿ ಬರುವುದೇ ಅದರಿಂದ. 'ಬರೀ ಅಣಬೆ ತಾನೆ' ಎಂದು ಎತ್ತಿಕೊಂಡರೆ ಮುಗಿಯಿತು. ಕೊನೆಯಲ್ಲಿ ಕಲಸಿ ಹುರಿಯುವ ಅನ್ನ, ಬೊಕ್ಕುಂಬಾಪ್ ಕೂಡ ಅದೇ ಕಾವಲಿಯದು. 'ಪುಲ್‌ಪಾನ್ ಕಾರಾಜುಸೆಯೊ' ಎಂದರೆ ಕಾವಲಿ ಬದಲಿಸಿಕೊಡುತ್ತಾರೆ, ಆದರೆ ಮಾಂಸ ಮಗುಚುವ ಇಕ್ಕಳ, ತುಂಡರಿಸುವ ಕತ್ತರಿ ಹಳೆಯವೇ ಇರುತ್ತವೆ.

ಆ ಇಕ್ಕಳದ ವಿಷಯ ಮಾಂಸ ತಿನ್ನುವವರಿಗೂ ಸೇರಿದ್ದು. ಹಸಿ ತುಂಡು ಎತ್ತಿಹಾಕಿದ ಇಕ್ಕಳದಲ್ಲೇ ಬೆಂದದ್ದನ್ನು ತಟ್ಟೆಗೆ ಹಾಕಿಕೊಂಡರೆ ಹೊಟ್ಟೆ ಕೆಡುವುದಕ್ಕೆ ಅಷ್ಟೇ ಸಾಕು. 'ಜಿಪ್ಗೆ ಹಾನಾ ತೊ ಜುಸೆಯೊ' ಎಂದು ಇನ್ನೊಂದು ಇಕ್ಕಳ ಕೇಳಿ ಇಸಿದುಕೊಳ್ಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಊಟದ ಚಾಪ್‌ಸ್ಟಿಕ್‌ನಿಂದ ಹಸಿ ಮಾಂಸ ಮಗುಚಬೇಡಿ. ಬಾನ್‌ಚಾನ್‌ನಲ್ಲಿ ಹಸಿ ಚಿಪ್ಪುಮೀನಿನ ಉಪ್ಪಿನಕಾಯಿ, ಜೋಗೆಜೊತ್, ಬಂದರೆ ಪಕ್ಕಕ್ಕಿಡಿ. 2019ರಲ್ಲಿ ಕೊರಿಯಾದಲ್ಲಿ ಹಬ್ಬಿದ ಹೆಪಟೈಟಿಸ್ ಎ ಸೋಂಕಿಗೆ ಅಲ್ಲಿನ ಆರೋಗ್ಯ ಇಲಾಖೆ ಬೊಟ್ಟು ಮಾಡಿದ್ದು ಅದರ ಕಡೆಗೇ.

ಹಾಗಾದರೆ ಇಬ್ಬರೂ ಒಟ್ಟಿಗೆ ಎಲ್ಲಿ ಕೂರಬೇಕು? ಒಬ್ಬೊಬ್ಬರಿಗೆ ಬೇರೆ ಬಟ್ಟಲಲ್ಲಿ ಕೊಡುವ ಬಿಬಿಂಬಾಪ್ (ತರಕಾರಿ ಹಾಕಿ ಕಲಸಿ ತಿನ್ನುವ ಅನ್ನ) ಹೋಟೆಲು ಕ್ಷೇಮ. 'ಗೊಗಿ ಪ್ಪೆ ಜುಸೆಯೊ' (ಮಾಂಸ ಬಿಟ್ಟು ಕೊಡಿ) ಎಂದಷ್ಟೇ ಹೇಳಿದರೆ ಕೆಂಪು, ಬಿಳಿ ಮಾಂಸ ಬಿಡುತ್ತಾರೆ, ಮೀನು ಸೀಗಡಿ ಬಿಡಲಿಕ್ಕಿಲ್ಲ. ಬಿಡಬೇಕಾದದ್ದರಲ್ಲಿ 'ಹೆಮುಲ್' (ಮೀನು, ಸೀಗಡಿಯಂಥ ಸಮುದ್ರದ ಆಹಾರ) ಎಂಬ ಮಾತನ್ನೂ ಸೇರಿಸಿ ಹೇಳಿ. ಗೊಚುಜಾಂಗ್ (ಮೆಣಸಿನಕಾಯಿ ಗೊಜ್ಜು) ಬೇರೆ ಬಟ್ಟಲಲ್ಲಿ ಕೇಳಿ, ಕೆಲವರು ಅದಕ್ಕೆ ಕೊಚ್ಚಿದ ದನದ ಮಾಂಸ ಹುರಿದು ಸೇರಿಸುತ್ತಾರೆ. ಜೊತೆಗೆ ಬರುವ ಸೂಪ್ ಕುಡಿಯಬೇಡಿ.

ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟವರಿಗೆ ಬೌದ್ಧ ವಿಹಾರದ ಅಡುಗೆಯೇ ಸರಿ. ಅದರಲ್ಲಿ ಮಾಂಸ ಮೀನಿನ ಜೊತೆಗೆ ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಸೊಪ್ಪುಗಳೂ ನಿಷಿದ್ಧ. ಸಿಯೋಲ್‌ನ ಜೋಗ್ಯೇಸಾ ದೇವಾಲಯದ ಎದುರಿಗೇ ಜೋಗ್ಯೆ ಬೌದ್ಧ ಪಂಥದವರು ನಡೆಸುವ ಬಾಲ್ವು ಗೊಂಗ್ಯಾಂಗ್ ಎಂಬ ಹೋಟೆಲು ಇದೆ. ಅಲ್ಲಿ ಊಟ ಕೋರ್ಸ್ ಲೆಕ್ಕದಲ್ಲಿ, ದರ ಸ್ವಲ್ಪ ಹೆಚ್ಚೇ. ಮುಂಗಡ ಕಾದಿರಿಸಿಕೊಂಡೇ ಹೋಗಿ.