ಮುಂದೆ ನೇರ, ನೀರಿನೊಳಕ್ಕೆ: ಸೈಕಲ್ ನ್ಯಾವಿಗೇಟರ್ ಜೊತೆ ನಾಲ್ಕು ವರ್ಷ

ಈ ಪುಟ್ಟ ಯಂತ್ರ ನಾಲ್ಕು ವರ್ಷಗಳಲ್ಲಿ ನನ್ನನ್ನು ಮೂರು ಸಲ ಜಲಾಶಯಕ್ಕೆ ಇಳಿಸಲು ನೋಡಿದೆ. ಅಲಂಕಾರಕ್ಕೆ ಹೇಳುತ್ತಿರುವ ಮಾತಲ್ಲ. ಮೊದಲ ಸಲ ಒಂದು ಒಳ್ಳೆಯ ಇಳಿಜಾರು ಬಂತು, ಆಮೇಲೆ ಒಂದು ತಿರುವು. ತಿರುವಿನಾಚೆ ಡಾಂಬರು ರಸ್ತೆ ಯಾವ ಸೂಚನೆಯೂ ಇಲ್ಲದೆ ಹಿನ್ನೀರಿನೊಳಗೆ ನಡೆದುಹೋಗಿತ್ತು. ಎರಡೂ ಬ್ರೇಕ್ ಹಿಡಿದು, ಮುಂದಿನ ಚಕ್ರ ನೀರಿನ ಅಂಚಿಗೆ ತಾಗುವಷ್ಟರಲ್ಲಿ ನಿಂತೆ. ಹ್ಯಾಂಡಲ್ ಮೇಲಿನ ನೀಲಿ ಬಾಣ ಮಾತ್ರ ಎಳ್ಳಷ್ಟೂ ಅಳುಕದೆ ‘ಮುಂದೆ 1.4 ಕಿ.ಮೀ. ನೇರ’ ಎನ್ನುತ್ತಿತ್ತು. ದಡದಲ್ಲಿದ್ದ ಬೆಳ್ಳಕ್ಕಿಯೊಂದು ನನ್ನನ್ನು ಒಮ್ಮೆ, ನೀರನ್ನು ಒಮ್ಮೆ ನೋಡಿ ತನ್ನ ಪಾಡಿಗೆ ಮೀನು ಹುಡುಕಲು ಹೋಯಿತು.

ಪರದೆಯ ಅಳತೆ, ತೂಕ, ನೆನಪಿನ ಸಾಮರ್ಥ್ಯ ಇವೆಲ್ಲ ಡಬ್ಬಿಯ ಮೇಲೆಯೇ ಇರುತ್ತವೆ, ಇಲ್ಲಿ ಬರೆಯುವುದಿಲ್ಲ. ನನ್ನ ಬಳಕೆ ಹೇಗೆಂದು ಹೇಳಿದರೆ ಸಾಕು. ನನಗೆ ವೇಗದ ಹುಚ್ಚಿಲ್ಲ. ಹಿಂದಿನ ಕ್ಯಾರಿಯರ್‌ಗೆ ಎರಡು ಚೀಲ ನೇತುಹಾಕಿಕೊಂಡು, ವಾರಾಂತ್ಯದಲ್ಲಿ ಯಾವುದಾದರೂ ಜಲಾಶಯಕ್ಕೆ ಒಂದು ಸುತ್ತು ಹಾಕುತ್ತೇನೆ. ಅರುವತ್ತರಿಂದ ತೊಂಬತ್ತು ಕಿಲೋಮೀಟರ್, ಕೆಲವೊಮ್ಮೆ ನಡುವೆ ಒಂದು ರಾತ್ರಿ. ಕೊಂಡದ್ದು ಅಂಗಡಿಯಲ್ಲಿದ್ದ ಎರಡನೆಯ ಅಗ್ಗದ ಮಾದರಿ. ಎರಡು ಜೊತೆ ಒಳ್ಳೆಯ ಟೈರುಗಳ ಬೆಲೆ ಬಿತ್ತು. ಅಷ್ಟು ಹಣಕ್ಕೆ ಕನಿಷ್ಠ ನನ್ನನ್ನು ಒಣಗಿದ ನೆಲದ ಮೇಲೆ ಇರಿಸಲಿ ಎಂದು ಬಯಸುವುದು ದುರಾಸೆಯಲ್ಲ.

ಜಲಾಶಯದ ಸುತ್ತಿನ ದಾರಿ ಕಾಗದದ ಮೇಲೆ ಬಳೆಯಂತೆ ಕಾಣುತ್ತದೆ. ನಿಜದಲ್ಲಿ ಅದು ಬೆರಳು ಚಾಚಿದ ಅಂಗೈ. ಕಣಿವೆಗೆ ಅಡ್ಡಲಾಗಿ ಕಟ್ಟೆ ಹಾಕಿದಾಗ ನೀರು ಮುಖ್ಯ ನದಿಯಲ್ಲಷ್ಟೇ ನಿಲ್ಲುವುದಿಲ್ಲ, ಒಂದೊಂದು ಹಳ್ಳ, ಒಂದೊಂದು ತೊರೆಯೊಳಕ್ಕೂ ಹಿಂದಕ್ಕೆ ನುಗ್ಗುತ್ತದೆ. ಹಾಗಾಗಿ ಸವಾರನ ಮುಂದೆ ಎರಡೇ ದಾರಿ. ದಡ ಹಿಡಿದು ಬೆರಳಿನ ತುದಿಯವರೆಗೆ ಹೋಗಿ ಮತ್ತೆ ಈಚೆ ಬರಬೇಕು, ಇಲ್ಲವೇ ಎರಡು ಬೆರಳುಗಳ ನಡುವಿನ ದಿಬ್ಬವನ್ನು ಹತ್ತಿ ಇಳಿಯಬೇಕು. ಸಮತಟ್ಟು ಸಿಗುವುದು ಕಟ್ಟೆಯ ಮೇಲೆ ಮತ್ತು ಕಾಲುವೆಯ ಏರಿಯ ಮೇಲೆ ಮಾತ್ರ. ನೀರು ಸಮತಟ್ಟಾಗಿರುವುದರಿಂದ ದಾರಿಯೂ ಹಾಗೆಯೇ ಇರುತ್ತದೆಂದು ನಂಬಿ ಬಂದ ಗೆಳೆಯರು ಮೂರನೆಯ ದಿಬ್ಬದಲ್ಲಿ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಇಂಥ ಕಡೆ ಮುಂದೆ ಎಷ್ಟು ಏರು ಉಳಿದಿದೆ ಎಂದು ತಿಳಿಯುವುದೇ ಎಲ್ಲಕ್ಕಿಂತ ಮುಖ್ಯ. ಈ ಯಂತ್ರ ಎಡವುವುದೂ ಸರಿಯಾಗಿ ಅಲ್ಲಿಯೇ. ನಾನು ಹೆಚ್ಚಾಗಿ ಸುತ್ತುವ ಜಲಾಶಯದ ಹಿನ್ನೀರಿಗೆ ಅಡ್ಡಲಾಗಿ ನಾಲ್ಕು ಉದ್ದನೆಯ ಸೇತುವೆಗಳಿವೆ. ನಾಲ್ಕೂ ಹಲಗೆಯಂತೆ ಮಟ್ಟಸ. ಯಂತ್ರದ ಪ್ರಕಾರ ಮಾತ್ರ ಪ್ರತಿ ಸೇತುವೆಯೂ ಒಂದು ಪ್ರಪಾತ. ಮೊದಲು ಕಡಿದಾದ ಇಳುಕಲು, ನಂತರ ಕೆಂಪು ಬಣ್ಣದಲ್ಲಿ ಶೇಕಡಾ 12ರ ಏರು. ಹೊರಡುವ ಮುನ್ನ ಅದು ಹೇಳುವ ಒಟ್ಟು ಏರು 900 ಮೀಟರ್. ಮನೆಗೆ ಬಂದು ನೋಡಿದರೆ, ಗಾಳಿಯ ಒತ್ತಡದಿಂದ ಎತ್ತರವನ್ನು ಲೆಕ್ಕ ಹಾಕುವ ಅದರದೇ ಒತ್ತಡಮಾಪಕ ಅಳೆದದ್ದು 680. ಮೊದಲ ವರ್ಷವಿಡೀ ಇಲ್ಲದ ಏರುಗಳಿಗಾಗಿ ಕಾಲಿನ ಕಸುವನ್ನು ಕೂಡಿಟ್ಟುಕೊಂಡು, ಇರುವ ಏರುಗಳನ್ನು ಸೋಮಾರಿಯಂತೆ ಹತ್ತಿದ್ದೇನೆ.

ಕಾರಣ ಹುಡುಕಿದಾಗ ಸಿಟ್ಟಿನ ಜೊತೆ ಕುತೂಹಲವೂ ಹುಟ್ಟಿತು. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿಯನ್ನು ಸುತ್ತಿ, ಉತ್ತರಕ್ಕೆ 60 ಡಿಗ್ರಿಯಿಂದ ದಕ್ಷಿಣಕ್ಕೆ 56 ಡಿಗ್ರಿ ಅಕ್ಷಾಂಶದವರೆಗಿನ ನೆಲದ ಎತ್ತರವನ್ನು ರಾಡಾರ್‌ನಿಂದ ಅಳೆಯಿತು. ಉಚಿತವಾಗಿ ಸಿಗುವ ಆ ದತ್ತಾಂಶವನ್ನು ಇಂದಿಗೂ ಎಷ್ಟೋ ನಕ್ಷೆಗಳು ಬಳಸುತ್ತವೆ. ನನ್ನ ಯಂತ್ರದಲ್ಲಿರುವುದೂ ಅದೇ. ನನ್ನ ಜಲಾಶಯ ತುಂಬಿದ್ದು ಆ ಹಾರಾಟದ ನಂತರ. ರಾಡಾರ್ ಕಂಡದ್ದು ನೀರನ್ನಲ್ಲ, ಬರಿಯ ಕಣಿವೆಯನ್ನು. ಸೇತುವೆ ಬಂತು, ನೀರು ಬಂತು, ಯಂತ್ರದ ತಲೆಯಲ್ಲಿ ಮಾತ್ರ ಅಲ್ಲಿ ಇನ್ನೂ ಹಳೆಯ ನದಿಯ ಪಾತ್ರವೇ ಇದೆ. ದಟ್ಟ ಮರಗಳಿರುವಲ್ಲಿ ಆ ರಾಡಾರ್ ನೆಲದವರೆಗೆ ಪೂರ್ತಿ ಇಳಿದದ್ದೂ ಇಲ್ಲ, ಹಾಗಾಗಿ ಕಾಡಿನ ಅಂಚಿನಲ್ಲಿಯೂ ಒಂದು ಸುಳ್ಳು ಮೆಟ್ಟಿಲು ಏಳುತ್ತದೆ. ತಪ್ಪು ನೌಕೆಯದಲ್ಲ. ಅಷ್ಟು ಹಳೆಯ ಲೆಕ್ಕವನ್ನು ತಿದ್ದದೆ ತುಂಬಿ ಮಾರಿದವರದು. ಸಹಾಯವಾಣಿಗೆ ಮೂರು ಸಲ ಬರೆದೆ. ಮೂರು ಸಲವೂ ಯಂತ್ರವನ್ನು ಆರಿಸಿ ಮತ್ತೆ ಹಚ್ಚುವಂತೆ ಸಲಹೆ ಬಂತು. ಕಣಿವೆಯನ್ನು ಆರಿಸಿ ಹಚ್ಚುವ ಗುಂಡಿ ನನಗೆ ಇನ್ನೂ ಸಿಕ್ಕಿಲ್ಲ.

ಇಷ್ಟಾದರೂ ಬೆಳಗಿನ ಹೊತ್ತು ಇದನ್ನು ಹ್ಯಾಂಡಲ್‌ಗೆ ಸಿಕ್ಕಿಸುವುದರಲ್ಲಿ ಒಂದು ಸುಖವಿದೆ. ಹೇಳದಿದ್ದರೆ ಅನ್ಯಾಯವಾದೀತು. ಇನ್ನೂ ಕತ್ತಲಿರುವಾಗ ಅದನ್ನು ಹೊರಗಿನ ಗೋಡೆಯ ಮೇಲೆ ಆಕಾಶಕ್ಕೆ ಮುಖ ಮಾಡಿ ಇಟ್ಟುಬಿಡುತ್ತೇನೆ. ಉಪಗ್ರಹವೊಂದು ತಾನೆಲ್ಲಿದ್ದೇನೆಂದು ಹೇಳಿ ಮುಗಿಸಲು ಅರ್ಧ ನಿಮಿಷ ಸಾಕು. ಯಾವುದು ಯಾವಾಗ ಎಲ್ಲಿರುತ್ತದೆಂದು ಹೇಳುವ, ಎಲ್ಲ ಉಪಗ್ರಹಗಳ ಪಂಚಾಂಗ ಪೂರ್ತಿಯಾಗಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಅಷ್ಟರಲ್ಲಿ ನಾನು ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ, ಚೈನಿಗೆ ಕೊಂಡಿಗೊಂದು ತೊಟ್ಟಿನಂತೆ ಎಣ್ಣೆ ಬಿಡುತ್ತೇನೆ, ಹೆಚ್ಚಾದದ್ದನ್ನು ಹಳೆಯ ಬನಿಯನ್ನಿನ ತುಂಡಿನಿಂದ ಒರೆಸುತ್ತೇನೆ, ಚೀಲಗಳ ಕೊಕ್ಕೆಗಳನ್ನು ಎರಡೆರಡು ಸಲ ಜಗ್ಗುತ್ತೇನೆ. ಗೋಡೆಯ ಮೇಲಿನಿಂದ ‘ಟಿಂಕ್’ ಎಂಬ ಸದ್ದು ಬರುವ ಹೊತ್ತಿಗೆ ಪೂರ್ವ ಬೆಳ್ಳಗಾಗಿರುತ್ತದೆ. ಈಚಿನ ಮಾದರಿಗಳು ಮೊಬೈಲ್ ಮೂಲಕ ಕೆಲವೇ ಕ್ಷಣಗಳಲ್ಲಿ ಉಪಗ್ರಹ ಹುಡುಕಿಬಿಡುತ್ತವಂತೆ. ಬೇಡ. ಆ ಹನ್ನೆರಡು ನಿಮಿಷ ನನ್ನದು.

ದಾರಿಯ ದಿಕ್ಕನ್ನು ನಾನು ಯಂತ್ರಕ್ಕೆ ಬಿಡುವುದಿಲ್ಲ. ವಾಹನಗಳು ಎಡಬದಿಯಲ್ಲಿ ಚಲಿಸುವ ಕಡೆ ಅಪ್ರದಕ್ಷಿಣೆಯಾಗಿ ಸುತ್ತಿದರೆ ನೀರು ಸದಾ ನಮ್ಮ ಮಗ್ಗುಲಲ್ಲೇ ಇರುತ್ತದೆ, ನಡುವೆ ಲಾರಿ ಬರುವುದಿಲ್ಲ. ಬಲಬದಿಯ ಸಂಚಾರವಿದ್ದರೆ ಪ್ರದಕ್ಷಿಣೆ. ಇನ್ನೊಂದು ಮಾತು, ಕಟ್ಟೆಯ ಮೇಲಿನ ರಸ್ತೆಯನ್ನು ಬೆಳಿಗ್ಗೆಯೇ ದಾಟಿಬಿಡಬೇಕು. ಹಗಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ. ಮಧ್ಯಾಹ್ನದ ಹೊತ್ತಿಗೆ ನೀರಿನ ಕಡೆಯಿಂದ ಗಾಳಿ ಎದ್ದು, ತಡೆಯಲು ಒಂದು ಪೊದೆಯೂ ಇಲ್ಲದ ಕಟ್ಟೆಯ ಮೇಲೆ ಸೈಕಲ್ಲನ್ನು ಚೀಲಗಳ ಸಮೇತ ಪಕ್ಕಕ್ಕೆ ನೂಕುತ್ತದೆ. ಇದನ್ನೂ ಯಂತ್ರ ಹೇಳುವುದಿಲ್ಲ. ಕಟ್ಟೆಯ ಮೇಲೆ ಸೈಕಲ್‌ಗೆ ಪ್ರವೇಶವಿದೆಯೇ ಎಂಬುದನ್ನೂ ಹೇಳುವುದಿಲ್ಲ. ಎಷ್ಟೋ ಕಡೆ ಇರುವುದಿಲ್ಲ. ಕಾವಲುಗಾರನ ಎದುರು ನಿಂತು ಪರದೆ ತೋರಿಸಿ ವಾದ ಮಾಡಿದರೆ ಪ್ರಯೋಜನವಿಲ್ಲ, ಮಾಡಿ ನೋಡಿದ್ದೇನೆ.

ಎರಡನೆಯ ವರ್ಷ, ಮೂರನೆಯ ಸೇತುವೆಯ ನಡುವೆ ನನ್ನ ಸಿಟ್ಟು ಸ್ವಲ್ಪ ಸಡಿಲವಾಯಿತು. ಮಳೆ ಮುಗಿದು ಜಲಾಶಯ ತುಂಬಿತ್ತು. ಕಂಬಿಗೆ ಒರಗಿ ನಿಂತಿದ್ದೆ. ಯಂತ್ರ ಎಂದಿನಂತೆ ನನ್ನನ್ನು ಪ್ರಪಾತದ ತಳದಲ್ಲಿ ತೋರಿಸುತ್ತಿತ್ತು. ಸುಮ್ಮನೆ ಲೆಕ್ಕ ಹಾಕಿದೆ: ಸೇತುವೆಯ ಎತ್ತರದಿಂದ ಅದು ತೋರಿಸುವ ಎತ್ತರವನ್ನು ಕಳೆದರೆ 52 ಮೀಟರ್. ಅಂದರೆ ನನ್ನ ಕಾಲಿನಿಂದ ಸುಮಾರು ಅಷ್ಟು ಕೆಳಗೆ, ಈ ಹಸಿರು ನೀರಿನ ಅಡಿಯಲ್ಲಿ, ಹಳೆಯ ಹೊಳೆ ಹರಿಯುತ್ತಿತ್ತು. ಎರಡು ಹೆಜ್ಜೆ ಸೈಕಲ್ ತಳ್ಳಿದೆ, 49 ಆಯಿತು. ಮತ್ತೆ ತಳ್ಳಿದೆ, 41. ದಂಡೆಯೇರುತ್ತಿದೆ! ಅಂದಿನಿಂದ ನಾಲ್ಕೂ ಸೇತುವೆಗಳನ್ನು ನಡೆದುಕೊಂಡೇ ದಾಟುತ್ತೇನೆ. ಮುಳುಗಿದ ಹೊಲದ ಬದುಗಳು ಇದರಲ್ಲಿ ಕಾಣುವುದಿಲ್ಲ ನಿಜ, 30 ಮೀಟರಿಗೊಂದು ಚುಕ್ಕಿಯಿರುವ ಲೆಕ್ಕದಲ್ಲಿ ಅಷ್ಟೆಲ್ಲ ಎಲ್ಲಿ ಬರುತ್ತದೆ. ಕಣಿವೆಯ ಮೈಕಟ್ಟು ಮಾತ್ರ ತಿಳಿಯುತ್ತದೆ. ಇದನ್ನು ಸರಿಪಡಿಸಿದ ಹೊಸ ಮಾದರಿ ಬಂದಿದೆಯೆಂದು ಗೆಳೆಯರೊಬ್ಬರು ಹೇಳಿದಾಗ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಉಳಿದ ವಿಷಯಗಳು ಬೇಗ ಮುಗಿಯುತ್ತವೆ. ಬ್ಯಾಟರಿ ಮೊದಲು ಹದಿನಾಲ್ಕು ಗಂಟೆ ಬರುತ್ತಿತ್ತು, ಈಗ ಎಂಟು. ಬಿಸಿಲಿನಲ್ಲಿ ಪರದೆ ಚೆನ್ನಾಗಿ ಕಾಣುತ್ತದೆ, ಬೆವರಿದ ಬೆರಳಿಗೆ ಸ್ಪಂದಿಸುವುದಿಲ್ಲ. ಒತ್ತಡಮಾಪಕಕ್ಕೆ ಹವಾಮಾನದ ಅರಿವಿಲ್ಲ, ಒತ್ತಡ ಒಂದು ಮಿಲಿಬಾರ್ ಇಳಿದರೆ ಎಂಟು ಮೀಟರ್‌ಗೂ ಮಿಕ್ಕಿ ಮೇಲೇರಿದೆವೆಂದು ತಿಳಿಯುತ್ತದೆ. ಮೋಡ ಕವಿದ ರಾತ್ರಿ ಡೇರೆಯೊಳಗೆ ಮಲಗಿದ್ದಲ್ಲೇ 30 ಮೀಟರ್ ಬೆಟ್ಟ ಹತ್ತಿದ್ದೇನೆ. ಗುಂಡಿಯ ರಬ್ಬರ್ ಹರಿದಿದೆ, ಪಂಕ್ಚರ್ ತೇಪೆ ಹಚ್ಚಿದ್ದೇನೆ.

ಮುಳುಗಿದ ರಸ್ತೆಗಳ ವಿಷಯಕ್ಕೆ ಮರಳಬೇಕು. ಇದರಲ್ಲಿರುವ ರಸ್ತೆ ನಕ್ಷೆ 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಬೈಯುವುದನ್ನು ಬಿಟ್ಟು ನಾನೇ ಒಂದು ಸಂಜೆ ಕುಳಿತೆ. ನನ್ನನ್ನು ಮುಳುಗಿಸಲು ನೋಡಿದ ಮೂರೂ ರಸ್ತೆಗಳಿಗೆ ‘ನೀರು ತುಂಬುವ ದಾರಿ’ ಎಂದು ಗುರುತು ಹಾಕಿ, ಸಂಚಾರವಿಲ್ಲವೆಂದು ಬರೆದೆ. ಮುಂದಿನ ಪರಿಷ್ಕರಣೆಯಲ್ಲಿ ಯಂತ್ರ ಆ ರಸ್ತೆಗಳಿಂದ ಮಾರು ದೂರ ಸರಿಯತೊಡಗಿತು.

ಈ ಬೇಸಿಗೆಯಲ್ಲಿ ನೀರು ಬಹಳ ಕೆಳಗಿಳಿಯಿತು. ಬೆಳ್ಳಕ್ಕಿ ನಿಂತಿದ್ದ ಆ ತಿರುವಿಗೆ ಹೋದರೆ ಇಡೀ ಹಳೆಯ ರಸ್ತೆ ಮೇಲೆದ್ದಿತ್ತು. ಡಾಂಬರು ಅಲ್ಲಲ್ಲಿ ಉಳಿದಿದೆ, ಎರಡೂ ಬದಿಯಲ್ಲಿ ಸಾಲುಮರಗಳ ಕಪ್ಪು ಬೊಡ್ಡೆಗಳಿವೆ, ಅಕ್ಷರ ಅಳಿಸಿದ ಒಂದು ಮೈಲಿಗಲ್ಲಿದೆ, ಕಮಾನಿನವರೆಗೆ ಮೆಕ್ಕಲು ತುಂಬಿದ ಕಿರುಸೇತುವೆಯಿದೆ. (ಹೋಗುವವರಿಗೊಂದು ಎಚ್ಚರಿಕೆ: ರಸ್ತೆ ಬಿಟ್ಟು ಇಳಿಯಬೇಡಿ. ಒಡೆದ ಕೆಸರು ಮೇಲೆ ಮಡಕೆ ಚೂರಿನಂತೆ ಗಟ್ಟಿ, ಕೆಳಗೆ ಹಿಟ್ಟು. ಚಕ್ರ ಅಚ್ಚಿನವರೆಗೆ ಹೂತುಕೊಳ್ಳುತ್ತದೆ.) ನಾನು ಆ ರಸ್ತೆಗೆ ಇಳಿದೆ. ಯಂತ್ರ ಬೀಪ್ ಮಾಡಿತು: ‘ಹಿಂದಕ್ಕೆ ತಿರುಗಿ.’ ಮುಂದೆ ಹೋದೆ. ಮತ್ತೆ ‘ಹಿಂದಕ್ಕೆ ತಿರುಗಿ.’ 1.4 ಕಿಲೋಮೀಟರ್‌ಗೆ ಒಂಬತ್ತು ಸಲ ಬೇಡಿಕೊಂಡಿತು. ಬರೆದವನು ನಾನೇ, ಬೈಯಲು ಬಾಯಿ ಬರಲಿಲ್ಲ. ಕಿರುಸೇತುವೆಯ ಮೇಲೆ ಇಳಿದು ನೀರು ಕುಡಿದು, ಸೈಕಲ್ ತಳ್ಳಿಕೊಂಡು ಆಚೆ ದಡದ ಹೊಸ ರಸ್ತೆಗೆ ಹತ್ತಿದ ಕೂಡಲೇ ಅದು ತಾನೇ ಕೈಹಿಡಿದು ಕರೆತಂದಂತೆ ಸಣ್ಣಗೆ ‘ಟಿಂಕ್’ ಎಂದು, ‘ಮಾರ್ಗಕ್ಕೆ ಮರಳಿದ್ದೀರಿ’ ಎಂದು ತೋರಿಸಿತು.