ಮೈನಸ್ ಐದರಲ್ಲಿ ಓಟಕ್ಕೊಂದು ಬಟ್ಟೆ, ಸೈಕಲ್ಲಿಗೊಂದು

ಶಿಕಾಗೋಗೆ ಬಂದ ಮೊದಲ ಚಳಿಗಾಲದಲ್ಲಿ ಓಟ, ಸೈಕಲ್ ಎರಡಕ್ಕೂ ನನ್ನ ಹತ್ತಿರ ಇದ್ದಿದ್ದು ಒಂದೇ ವೇಷ: ಒಳಗೆ ಕಾಟನ್ ಬನಿಯನ್, ಮೇಲೆ ಫ್ಲೀಸ್, ಅದರ ಮೇಲೆ ದಪ್ಪ ಪಫರ್ ಜಾಕೆಟ್. ಓಡಿದರೆ ಎರಡನೇ ಕಿಲೋಮೀಟರಿಗೇ ಬೆವರಿನ ಸ್ನಾನ. ಅದೇ ಜಾಕೆಟ್ ಹಾಕಿ ಸೈಕಲ್ ಹತ್ತಿದರೆ ಬೆರಳೆಲ್ಲ ಮರಗಟ್ಟಿ, ಮನೆ ಬೀಗ ತೆಗೆಯೋಕೂ ಆಗುತ್ತಿರಲಿಲ್ಲ.

ತಪ್ಪು ಜಾಕೆಟ್ಟಿನದ್ದಲ್ಲ. ಗಾಳಿ ಬಡಿದಾಗ ಚಳಿ ಎಷ್ಟು ಹೆಚ್ಚು ಅನ್ನಿಸುತ್ತದೆ ಅಂತ ಹೇಳುವ ವಿಂಡ್ ಚಿಲ್ ಸೂತ್ರದಲ್ಲಿ ಲೆಕ್ಕ ಹಾಕಿದರೆ, ಗಾಳಿಯೇ ಇಲ್ಲದ -5 ಡಿಗ್ರಿಯಲ್ಲಿ ಗಂಟೆಗೆ 10 ಕಿ.ಮೀ. ಓಡುವವರ ಮುಖಕ್ಕೆ ಅದು -9, 25 ಕಿ.ಮೀ. ವೇಗದಲ್ಲಿ ಸೈಕಲ್ ತುಳಿಯುವವರಿಗೆ -12. ಮಿಷಿಗನ್ ಸರೋವರದ ಎದುರುಗಾಳಿ ಸೇರಿದರೆ ಕೇಳಲೇಬೇಡಿ. ಜೊತೆಗೆ ಓಡುವಾಗ ಕೈ ಬೀಸುತ್ತಿರುತ್ತೇವೆ, ಪಾದ ಮಡಚಿ ಬಿಚ್ಚುತ್ತಿರುತ್ತದೆ. ಸೈಕಲ್ಲಿನಲ್ಲಿ ಎರಡೂ ಗಾಳಿಗೆ ಮುಖ ಮಾಡಿ ಸುಮ್ಮನೆ ಕೂತಿರುತ್ತವೆ.

ಮೊದಲು ಸೋತಿದ್ದು ಕಾಟನ್. ಓಡುವಷ್ಟು ಹೊತ್ತು ಗೊತ್ತಾಗಲ್ಲ. ಸಿಗ್ನಲ್ಲಿನಲ್ಲಿ ಒಂದು ನಿಮಿಷ ನಿಂತರೆ ಬೆನ್ನಿಗೆ ಒದ್ದೆ ಟವೆಲ್ ಅಂಟಿಸಿದ ಹಾಗೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಅಗ್ಗ, ಆದರೆ ಎರಡೇ ದಿನಕ್ಕೆ ನಾರುತ್ತದೆ. ಮೆರಿನೋ ಉಣ್ಣೆ ದುಬಾರಿ. ಆದರೂ ಒದ್ದೆಯಾದ ಮೇಲೂ ಬೆಚ್ಚಗಿರುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಓಡಿ ಬಂದು ನೇರ ಬಚ್ಚಲಿಗೆ ಹೋಗುವ ದಿನ ಪಾಲಿಯೆಸ್ಟರ್ ಸಾಕು. ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವ ದಿನ ನನ್ನ ಓಟು ಮೆರಿನೋಗೆ.

ಎದೆಗೆ ಗಾಳಿ ತಡೆಯೋಕೆ ವಿಂಡ್‌ಪ್ರೂಫ್ ಜಾಕೆಟ್ ಒಂದು ಕಡೆ, ಪೇಪರ್ ಇನ್ನೊಂದು ಕಡೆ. ನಗಬೇಡಿ, ಟೂರ್ ದ ಫ್ರಾನ್ಸ್ ಸೈಕಲ್ ರೇಸಿನ ಹಳೇ ಸವಾರರು ಬೆಟ್ಟ ಇಳಿಯುವ ಮುಂಚೆ ಜೆರ್ಸಿಯೊಳಗೆ ನ್ಯೂಸ್‌ಪೇಪರ್ ತುರುಕಿಕೊಳ್ಳುತ್ತಿದ್ದರು. ನಾನೂ ಒಂದು ವಾರ ಮಾಡಿ ನೋಡಿದೆ. ಅರ್ಧ ಗಂಟೆ ಅದ್ಭುತ. ಆಮೇಲೆ ಬೆವರಿಗೆ ನೆಂದು ಮುದ್ದೆಯಾಯಿತು, ಸೂಪರ್ ಮಾರ್ಕೆಟ್ ಜಾಹೀರಾತಿನ ಮಸಿ ಹೊಟ್ಟೆ ಮೇಲೆ ಅಚ್ಚೊತ್ತಿತ್ತು. ಜಾಕೆಟ್ಟೇ ಗೆದ್ದಿತು, ಅದೂ ಮುಂದೆ ಮಾತ್ರ ಗಾಳಿ ತಡೆದು ಬೆನ್ನಿನ ಕಡೆ ತೆಳ್ಳಗಿರುವಂಥದ್ದು. ಓಟಕ್ಕೆ -10ರ ತನಕ ಅದೂ ಬೇಡ. ಬಾಗಿಲು ದಾಟಿದಾಗ ನಡುಕ ಬಂದರೆ ಸರಿಯಾಗಿ ಹಾಕಿಕೊಂಡಿದ್ದೀರಿ ಅಂತಲೇ ಲೆಕ್ಕ.

ಕೈಗೆ ಮೂರು ಥರ ಕೊಂಡು ನೋಡಿದೆ. ಐದು ಬೆರಳಿನ ಗ್ಲೌಸ್ ಎಷ್ಟೇ ದಪ್ಪವಿದ್ದರೂ ಬೆರಳುಗಳು ಒಂಟಿ, ಬೇಗ ತಣ್ಣಗಾಗುತ್ತವೆ. ಬೆರಳೆಲ್ಲ ಒಟ್ಟಿಗೆ ಮಲಗುವ ಮಿಟನ್‌ನಷ್ಟು ಬಿಸಿ ಬೇರೆ ಯಾವುದೂ ಇಲ್ಲ, ಆದರೆ ಅದರಲ್ಲಿ ಬ್ರೇಕ್ ಹಿಡಿಯುವುದು ಭಯವೇ. ಹಾಗಾಗಿ ಓಟಕ್ಕೆ ಮಿಟನ್, ಸೈಕಲ್ಲಿಗೆ ಏಡಿಯ ಕೊಂಬಿನಂತೆ ಎರಡೆರಡು ಬೆರಳು ಜೋಡಿಸಿದ ಲಾಬ್‌ಸ್ಟರ್ ಗ್ಲೌಸ್.

ಪಾದಕ್ಕೆ ಶೂ ಕವರ್ ತಂದೆ, ಹರಿಯಿತು. ಕಾಲುಚೀಲದ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರ್ ಸುತ್ತಿ ಶೂ ಹಾಕುವುದು ಅದಕ್ಕಿಂತ ವಾಸಿ. ಎರಡಕ್ಕಿಂತಲೂ ವಾಸಿ, ಪೆಡಲಿಗೆ ಕಚ್ಚಿಕೊಳ್ಳೋಕೆ ಅಡಿಯಲ್ಲಿ ಲೋಹದ ತುಂಡಿರುವ ಕ್ಲೀಟ್ ಶೂ ಬಿಟ್ಟು ಚಪ್ಪಟೆ ಪೆಡಲ್ ಮೇಲೆ ಸಾಮಾನ್ಯ ಬೂಟು ಹಾಕುವುದು. ಪಾದದ ಬಿಸಿ ಎಳೆಯುವ ಆ ಲೋಹದ ತುಂಡೇ ಇಲ್ಲವಲ್ಲ!

ಮುಖಕ್ಕೆ ಬಫ್ (ಕೊರಳಿಗೆ ಹಾಕುವ ಕೊಳವೆಯಂಥ ಬಟ್ಟೆ) ಎಳೆದುಕೊಂಡರೆ ಉಸಿರು ಮೇಲೇರಿ ಕನ್ನಡಕ ಮಂಜು. ಅಮ್ಮ ಕಳಿಸಿದ ಮಂಕಿ ಕ್ಯಾಪ್ ಬಾಯಿಯೊಂದನ್ನು ಬಿಟ್ಟು ಕಿವಿ, ಗದ್ದ ಎರಡನ್ನೂ ಮುಚ್ಚುತ್ತದೆ. ಹೆಲ್ಮೆಟ್ಟಿನೊಳಗೆ ಹಿಡಿಯಲಿ ಅಂತ ನೆತ್ತಿಯ ಉಣ್ಣೆ ಕುಚ್ಚು ಕತ್ತರಿಸಿದೆ. ವಿಡಿಯೋ ಕಾಲಿನಲ್ಲಿ ಅಮ್ಮನ ಕಣ್ಣಿಗೆ ಮೊದಲು ಬಿದ್ದಿದ್ದೇ ಅದು.